ಮನೆಯ ಒಲೆಯಲ್ಲಿ ಸೌದೆಯು ಚೆನ್ನಾಗಿ ಉರಿಯದಿರಲು ಕಾರಣಗಳು

ಆರಿದ್ರಾ ಮಳೆಯು ಹಿಡಿದ ದಿನಗಳಲ್ಲಿ ಮಲೆನಾಡಿನ ಯಾವ ಹಳ್ಳಿಯನ್ನು ಹೊಕ್ಕರೂ ಬೆಳಗಿನ ಹೊತ್ತು ಕಾಣುವ ನೋಟವು ಒಂದೇ. ಹೆಂಚಿನ ಸಂದುಗಳಿಂದ ಬಿಳಿಯ ಹೊಗೆಯು ಹೊರಟು, ಮೇಲೇಳಲಾರದೆ ಮಾಡಿನ ಮೇಲೆಯೇ ಹಾಸಿಕೊಂಡಿರುತ್ತದೆ. ಒಳಗೆ ಗೃಹಿಣಿಯು ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಊದುತ್ತ, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ, ಸೌದೆಯನ್ನು ಒಮ್ಮೆ ಮುಂದಕ್ಕೆ ತಳ್ಳಿ ಒಮ್ಮೆ ಹಿಂದಕ್ಕೆ ಎಳೆಯುತ್ತಿರುತ್ತಾಳೆ. ಕೊಳ್ಳಿಯ ತುದಿಯಲ್ಲಿ ನೊರೆಯೆದ್ದು ಸುಯ್ಯೆಂಬ ಶಬ್ದವಾಗುವುದೇ ಹೊರತು ಜ್ವಾಲೆಯೇಳುವುದಿಲ್ಲ. "ಈ ಸೌದೆಯೇ ಕೆಟ್ಟದ್ದು, ಇದು ಉರಿಯುವ ಜಾತಿಯ ಮರವಲ್ಲ" ಎಂಬುದು ಇಂತಹ ಸಮಯದಲ್ಲಿ ಎಲ್ಲರ ಬಾಯಿಂದಲೂ ಬರುವ ಮಾತು. ಆದರೆ ಅದೇ ಮರದ ಸೌದೆಯು ಬೇಸಗೆಯಲ್ಲಿ ಒಂದು ಕಡ್ಡಿಯ ಕಿಡಿಗೆ ಹತ್ತಿಕೊಂಡು ಭರಭರನೆ ಉರಿದದ್ದನ್ನು ಆ ಮನೆಯವರೇ ಕಂಡಿರುತ್ತಾರೆ. ಮರವು ಬದಲಾಗಲಿಲ್ಲ, ಒಲೆಯೂ ಬದಲಾಗಲಿಲ್ಲ. ಹಾಗಾದರೆ ಬದಲಾದದ್ದು ಯಾವುದು ಎಂಬುದನ್ನು ವಿಚಾರಿಸುವುದು ಅವಶ್ಯ.

2016ನೆಯ ಇಸವಿಯ ಮೇ 1ರಂದು ಕೇಂದ್ರ ಸರ್ಕಾರದ ಉಜ್ವಲಾ ಯೋಜನೆಯು ಆರಂಭವಾದ ಮೇಲೆ ಹಳ್ಳಿಗಳ ಬಡ ಕುಟುಂಬಗಳಿಗೂ ಅಡುಗೆಯ ಅನಿಲವು ದೊರೆತಿರುವುದು ನಿಜ. ಆದರೂ ಸೌದೆಯ ಖರ್ಚು ನಿಂತಿಲ್ಲ. ಬಚ್ಚಲಿನ ಹಂಡೆಯ ಒಲೆ, ದನಗಳ ಹುರುಳಿ ಬೇಯಿಸುವ ಒಲೆ, ಅಡಕೆ ಬೇಯಿಸುವ ಒಲೆ, ಮದುವೆ ಹಬ್ಬಗಳ ಕೋಡೊಲೆ, ಇವೆಲ್ಲವೂ ಸೌದೆಯನ್ನೇ ನಂಬಿಕೊಂಡಿವೆ. ಅನಿಲದ ಸಿಲಿಂಡರು ಮುಗಿದ ದಿನ ಅಡುಗೆಯೂ ಹಳೆಯ ಒಲೆಗೇ ಮರಳುತ್ತದೆ. ಆದಕಾರಣ ಈ ವಿಷಯವು ರೈತರ ಮನೆಗಳಿಗೆ ಇಂದಿಗೂ ಉಪಯುಕ್ತವಾದುದೇ ಆಗಿದೆ.

ಸೌದೆಯು ಉರಿಯುವ ಕ್ರಮ

ಸೌದೆಯು ನೇರವಾಗಿ ಉರಿಯುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ವಾಸ್ತವವಾಗಿ ಅದು ಮೂರು ಹಂತಗಳಲ್ಲಿ ಉರಿಯತಕ್ಕ ಪದಾರ್ಥ. ಮೊದಲನೆಯದಾಗಿ, ಶಾಖ ತಗುಲಿದ ಕೂಡಲೆ ಸೌದೆಯೊಳಗಿನ ನೀರು ಕಾದು, 100 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿ ಆವಿಯಾಗಿ ಹೊರಡುತ್ತದೆ. ಎರಡನೆಯದಾಗಿ, ಶಾಖವು 200 ಡಿಗ್ರಿಯನ್ನು ದಾಟಿದ ಮೇಲೆ ಮರದ ನಾರು ಒಡೆದು ಅನಿಲಗಳೂ ಎಣ್ಣೆಯಂತಹ ಆವಿಗಳೂ ಹೊರಬರುತ್ತವೆ. ಒಣಗಿದ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕಿಂತಲೂ ಹೆಚ್ಚು ಹೀಗೆ ಅನಿಲವಾಗಿಯೇ ಹೋಗುತ್ತದೆ. ನಾವು ಜ್ವಾಲೆಯೆಂದು ಕರೆಯುವುದು ಈ ಅನಿಲಗಳ ಉರಿಯನ್ನೇ. ಮೂರನೆಯದಾಗಿ, ಉಳಿದ ಇದ್ದಿಲು ಕೆಂಡವಾಗಿ, ಜ್ವಾಲೆಯಿಲ್ಲದೆ ಉರಿದು ಬೂದಿಯಾಗುತ್ತದೆ.

ಇದರಿಂದ ಒಂದು ಮುಖ್ಯವಾದ ಸಂಗತಿಯು ಹೊರಪಡುತ್ತದೆ. ಸೌದೆಯಲ್ಲಿರುವ ಶಾಖದ ಅರ್ಧಕ್ಕಿಂತ ಹೆಚ್ಚು ಭಾಗವು ಇರುವುದು ಆ ಅನಿಲಗಳಲ್ಲಿ. ಅವು ಪೂರ್ತಿಯಾಗಿ ಉರಿಯಬೇಕಾದರೆ ಒಲೆಯೊಳಗೆ 600 ಡಿಗ್ರಿಯಷ್ಟಾದರೂ ಬಿಸಿಯಿರಬೇಕು, ಬೇಕಾದಷ್ಟು ಗಾಳಿಯೂ ಸಿಗಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ಅವು ಉರಿಯದೆಯೇ ತಣ್ಣಗಾಗಿ ಸಣ್ಣ ಸಣ್ಣ ಹನಿಗಳಾಗಿ ತೇಲುತ್ತವೆ. ಅದೇ ಹೊಗೆ. ಹೊಗೆಯೆಂದರೆ ಉರಿಯದೆ ಉಳಿದ ಸೌದೆ. ಹೆಂಚಿನ ಸಂದಿನಿಂದ ಹೊರಡುವ ಹೊಗೆಯನ್ನು ಕಂಡಾಗ, ಕಾಡಿನಿಂದ ಹೊತ್ತು ತಂದ ಹೊರೆಯ ಒಂದು ಪಾಲು ಹಾಗೆಯೇ ಗಾಳಿಗೆ ಹೋಗುತ್ತಿದೆಯೆಂದು ತಿಳಿಯತಕ್ಕದ್ದು.

ಮೊದಲನೆಯ ಕಾರಣ: ನೀರು

ಈಗತಾನೆ ಕಡಿದ ಹಸಿಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ಮರದ ಜಾತಿ, ವಯಸ್ಸು, ಕಾಲಗಳನ್ನು ಅನುಸರಿಸಿ ಇದು ಹೆಚ್ಚು ಕಡಿಮೆಯಾಗಬಹುದು. ಚೆನ್ನಾಗಿ ಒಣಗಿದ ಸೌದೆಯಲ್ಲಿ ನೀರಿನ ಪಾಲು ಶೇಕಡಾ 15ರಿಂದ 20ರವರೆಗೆ ಮಾತ್ರ. ಕೊಳ್ಳುವಾಗ ಈ ವ್ಯತ್ಯಾಸವು ಎಷ್ಟಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಅರ್ಧ ನೀರಿರುವ 100 ಕಿಲೋಗ್ರಾಂ ಸೌದೆಯನ್ನು ಡಿಪೋದಲ್ಲಿ ತೂಗಿಸಿ ತಂದರೆ ಅದರಲ್ಲಿರುವ ನಿಜವಾದ ಮರ 50 ಕಿಲೋಗ್ರಾಂ. ಶೇಕಡಾ 20 ನೀರಿರುವ ಒಣ ಸೌದೆಯಾದರೆ ಅಷ್ಟೇ ಮರವು ಅರುವತ್ತೆರಡೂವರೆ ಕಿಲೋಗ್ರಾಮಿನಲ್ಲೇ ದೊರೆಯುತ್ತದೆ. ಉಳಿದ ಮೂವತ್ತೇಳೂವರೆ ಕಿಲೋಗ್ರಾಮಿಗೆ ತೆತ್ತ ಹಣವೂ, ಅದನ್ನು ಸಾಗಿಸಿದ ಬಾಡಿಗೆಯೂ ನೀರಿಗೆ ಕೊಟ್ಟದ್ದೇ ಆಯಿತು.

ಒಲೆಯಲ್ಲಿ ಈ ನೀರು ಮಾಡುವ ಕೇಡು ಎರಡು ಬಗೆ. ಒಂದು ಕಿಲೋಗ್ರಾಂ ನೀರನ್ನು ಕಾಯಿಸಿ ಆವಿಮಾಡುವುದಕ್ಕೆ ಸುಮಾರು 610 ಕಿಲೋ ಕ್ಯಾಲರಿ ಶಾಖ ಬೇಕು. ಒಂದು ಕಿಲೋಗ್ರಾಂ ಪೂರ್ಣ ಒಣಗಿದ ಮರವು ಕೊಡುವ ಶಾಖವು ಸುಮಾರು 4500 ಕಿಲೋ ಕ್ಯಾಲರಿ. ಹಾಗಾದರೆ 10 ಕಿಲೋಗ್ರಾಂ ಹಸಿ ಸೌದೆಯೊಳಗಿನ 5 ಕಿಲೋಗ್ರಾಂ ಮರವು ಕೊಡುವ ಶಾಖದಲ್ಲಿ ಏಳರಲ್ಲೊಂದು ಪಾಲು ಅದರ ಜೊತೆಯಲ್ಲಿರುವ ನೀರನ್ನು ಓಡಿಸುವುದಕ್ಕೇ ಮುಗಿಯುತ್ತದೆ. ಇದು ಮೊದಲನೆಯ ನಷ್ಟ.

ಏಳರಲ್ಲೊಂದು ಪಾಲು ತಾನೆ, ಅದೇನು ದೊಡ್ಡದಲ್ಲವೆಂದು ತೋರಬಹುದು. ದೊಡ್ಡ ನಷ್ಟವು ಇರುವುದು ಎರಡನೆಯದರಲ್ಲಿ. ನೀರು ಇರುವವರೆಗೂ ಸೌದೆಯ ಮೈ ನೂರು ಡಿಗ್ರಿಯ ಆಚೆಗೆ ಸುಲಭವಾಗಿ ಏರುವುದಿಲ್ಲ. ಹೊರಡುವ ಆವಿಯು ಒಲೆಯ ಬಿಸಿಯನ್ನು ಇಳಿಸುತ್ತದೆ, ಅನಿಲಗಳೊಡನೆ ಬೆರೆತು ಅವುಗಳಿಗೆ ಬೆಂಕಿ ಹತ್ತದಂತೆ ತಡೆಯುತ್ತದೆ. ಅನಿಲಗಳು ಹುಟ್ಟುತ್ತವೆ, ಆದರೆ ಉರಿಯುವಷ್ಟು ಬಿಸಿ ಇಲ್ಲದೆ ಹೊಗೆಯಾಗಿ ಹೋಗುತ್ತವೆ. ಹೀಗೆ ನೀರು ತಾನು ಕುಡಿದ ಶಾಖಕ್ಕಿಂತ ಬಹಳ ಹೆಚ್ಚಿನ ಶಾಖವನ್ನು ಹೊರಕ್ಕೆ ಕಳುಹಿಸುತ್ತದೆ. ಹಸಿ ಸೌದೆಯು ಲೆಕ್ಕಕ್ಕಿಂತ ಮಿಗಿಲಾಗಿ ಖರ್ಚಾಗುವುದಕ್ಕೆ ಇದೇ ಕಾರಣ.

ಎರಡನೆಯ ಕಾರಣ: ದಪ್ಪ

ನೀರು ಮರದೊಳಗೆ ನಾರಿನ ಉದ್ದಕ್ಕೆ ಬೇಗ ಹರಿಯುತ್ತದೆ, ಅಡ್ಡಲಾಗಿ ಬಹಳ ನಿಧಾನ. ತೊಗಟೆಯನ್ನು ದಾಟುವುದಂತೂ ಇನ್ನೂ ಕಷ್ಟ. ಆದುದರಿಂದ ಸೀಳದ ದುಂಡು ಕೊರಡು ಹೊರಗೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಇಷ್ಟೇ ಅಲ್ಲದೆ, ಒಣಗಿದ ಕೊರಡಾದರೂ ತೀರ ದಪ್ಪವಾಗಿದ್ದರೆ ಅದರ ಮೈ ಕಡಿಮೆ, ಒಡಲು ಹೆಚ್ಚು. ಮೈಗೆ ತಗುಲಿದ ಶಾಖವು ಒಳಕ್ಕೆ ಇಳಿದುಹೋಗಿ ಮೇಲ್ಮೈಯು ಉರಿಯುವಷ್ಟು ಬಿಸಿಯಾಗುವುದಿಲ್ಲ. ಅದೇ ಕೊರಡನ್ನು ನಾಲ್ಕು ಸೀಳಾಗಿ ಮಾಡಿದರೆ ಬೆಂಕಿಗೆ ಸಿಗುವ ಮೈ ಎಷ್ಟೋ ಹೆಚ್ಚುತ್ತದೆ.

ಒಂಟಿ ಕೊಳ್ಳಿಯು ಆರಿಹೋಗುವುದನ್ನೂ ಎರಡು ಮೂರು ಕೊಳ್ಳಿಗಳು ಕೂಡಿದರೆ ಉರಿಯುವುದನ್ನೂ ಎಲ್ಲರೂ ಬಲ್ಲರು. ಒಂಟಿ ಕೊಳ್ಳಿಯ ಶಾಖವು ಸುತ್ತಲೂ ಚದರಿಹೋಗುತ್ತದೆ. ಹಲವು ಕೊಳ್ಳಿಗಳಿದ್ದರೆ ಒಂದರ ಶಾಖವು ಮತ್ತೊಂದಕ್ಕೆ ತಗುಲಿ ಎಲ್ಲವೂ ಬಿಸಿಯಾಗಿಯೇ ಇರುತ್ತವೆ. ಮನೆಯ ಒಲೆಗೆ ಎರಡು ಮೂರು ಅಂಗುಲ ದಪ್ಪದ, ಒಂದೂವರೆ ಅಡಿ ಉದ್ದದ ಸೀಳುಗಳು ಅನುಕೂಲ.

ಮೂರನೆಯ ಕಾರಣ: ಗಾಳಿಯ ಕೊರತೆ

ಒಣಗಿದ ಸೌದೆಯೂ ಕೆಲವು ಒಲೆಗಳಲ್ಲಿ ಹೊಗೆಯುತ್ತದೆ. ಒಲೆಯ ಬಾಯಿಯ ತುಂಬ ಸೌದೆಯನ್ನು ಇಡುಕಿದರೆ ಗಾಳಿಯು ಒಳಹೋಗಲು ದಾರಿಯಿಲ್ಲ. ಎರಡು ಮೂರು ದಿನಗಳ ಬೂದಿಯು ತುಂಬಿಕೊಂಡ ಒಲೆಯಲ್ಲಿ ಕೊಳ್ಳಿಗಳು ಬೂದಿಯೊಳಗೆ ಹೂತುಕೊಂಡು ಕೆಳಗಿನಿಂದ ಗಾಳಿ ಸಿಗದೆ ನರಳುತ್ತವೆ. ಪಾತ್ರೆಯು ಒಲೆಯ ಗುಂಡುಗಳಿಗೆ ತೀರ ಅಂಟಿ ಕುಳಿತಿದ್ದರೆ ಹೊಗೆಗೆ ಹೊರದಾರಿಯಿಲ್ಲ. ಹೊಗೆ ಹೊರಹೋಗದೆ ಹೊಸ ಗಾಳಿಯು ಒಳಬರುವುದಿಲ್ಲ. ಊದುಗೊಳವೆಯಿಂದ ಊದಿದ ಕ್ಷಣ ಜ್ವಾಲೆಯೆದ್ದು, ನಿಲ್ಲಿಸಿದ ಕೂಡಲೆ ಮತ್ತೆ ಹೊಗೆಯಾದರೆ, ದೋಷವು ಬಹುಮಟ್ಟಿಗೆ ಗಾಳಿಯದು. ಎಷ್ಟು ಊದಿದರೂ ತುದಿಯಲ್ಲಿ ನೊರೆಯೇ ಬರುತ್ತಿದ್ದರೆ ದೋಷವು ನೀರಿನದು. ಈ ಒಂದು ಗುರುತಿನಿಂದ ಎರಡನ್ನೂ ಬೇರ್ಪಡಿಸಿ ತಿಳಿಯಬಹುದು.

ಮರದ ಜಾತಿಯ ವಿಚಾರ

ಮರದ ಜಾತಿಗೆ ಸಂಬಂಧವೇ ಇಲ್ಲವೆಂದಲ್ಲ. ಆದರೆ ಜನರು ಭಾವಿಸುವಷ್ಟು ಇಲ್ಲ. ಪೂರ್ಣವಾಗಿ ಒಣಗಿದ ಮೇಲೆ ತೂಕಕ್ಕೆ ತೂಕ ನೋಡಿದರೆ ಬೇರೆ ಬೇರೆ ಮರಗಳು ಕೊಡುವ ಶಾಖದಲ್ಲಿ ಹೆಚ್ಚಿನ ಅಂತರವಿಲ್ಲ. ಅಂತರವಿರುವುದು ಗಟ್ಟಿತನದಲ್ಲಿ. ಹುಣಸೆ, ಕರಿಜಾಲಿ, ಸರ್ವೆ, ಬಳ್ಳಾರಿ ಜಾಲಿ ಮುಂತಾದ ಗಟ್ಟಿ ಮರಗಳ ಒಂದು ಸೀಳಿನಲ್ಲಿ ಹೆಚ್ಚು ತೂಕವಿರುವುದರಿಂದ ಅದು ಬಹಳ ಹೊತ್ತು ಉರಿದು ಒಳ್ಳೆಯ ಕೆಂಡವನ್ನು ಕೊಡುತ್ತದೆ. ಬೂರುಗ, ಹಾಲುವಾಣ, ನುಗ್ಗೆ ಮುಂತಾದ ಹಗುರವಾದ ಮರಗಳು ಹಸಿಯಿರುವಾಗ ನೀರನ್ನು ಬಹಳವಾಗಿ ಹಿಡಿದಿರುತ್ತವೆ. ಒಣಗಿದ ಮೇಲೆ ಬೇಗನೆ ಹತ್ತಿಕೊಂಡು ಬೇಗನೆ ಮುಗಿದುಹೋಗುತ್ತವೆ. ಅವನ್ನು ಬೆಂಕಿ ಹೊತ್ತಿಸುವುದಕ್ಕೆ ಉಪಯೋಗಿಸಿ, ಗಟ್ಟಿ ಸೌದೆಯನ್ನು ಮೇಲೆ ಇಟ್ಟರೆ ಎರಡರಿಂದಲೂ ಪ್ರಯೋಜನವುಂಟು. ಆಲ, ಅತ್ತಿ ಮೊದಲಾದ ಹಾಲುಬರುವ ಮರಗಳು ಸೌದೆಗೆ ಅಷ್ಟು ಒಳ್ಳೆಯವಲ್ಲ.

ಸರ್ವೆಯು ಹಸಿಯಾಗಿದ್ದರೂ ಉರಿಯುತ್ತದೆಂಬ ಹೆಸರನ್ನು ಪಡೆದಿದೆ. ಅದು ನಿಜವಾದರೂ ಒಣಗಿದ ಸರ್ವೆಯ ಮುಂದೆ ಹಸಿಯ ಸರ್ವೆಯು ನಿಲ್ಲಲಾರದು. ಇನ್ನು, ಬಹಳ ಕಾಲ ಮಳೆಯಲ್ಲಿ ಬಿದ್ದು ಲಡ್ಡಾದ ಮರವು ಹಗುರವಾಗಿದೆಯೆಂದು ಒಣಗಿದೆಯೆಂದು ಭ್ರಮಿಸಬಾರದು. ಬೂಷ್ಟು ಅದರ ಸಾರವನ್ನು ತಿಂದಿರುತ್ತದೆ. ಉಳಿದ ಸಿಪ್ಪೆಯು ಸ್ಪಂಜಿನಂತೆ ನೀರನ್ನು ಹೀರಿಕೊಳ್ಳುತ್ತದೆ. ಕಣಗಿಲೆಯ ಕಡ್ಡಿಗಳನ್ನು ಮಾತ್ರ ಯಾವ ಕಾಲಕ್ಕೂ ಒಲೆಗೆ ಹಾಕಬಾರದು. ಆ ಗಿಡದ ಎಲ್ಲ ಭಾಗಗಳೂ ವಿಷಯುಕ್ತ. ಅದರ ಹೊಗೆಯೂ ಅಪಾಯಕರ.

ಹೊಗೆಯಿಂದ ಆಗುವ ಹಾನಿ

ಸೌದೆಯು ಉರಿಯದಿದ್ದರೆ ಅಡುಗೆಯು ತಡವಾಗುತ್ತದೆ, ಅಷ್ಟೇ ತಾನೆ ಎಂದು ಗಂಡಸರು ಉದಾಸೀನರಾಗಿರುವುದುಂಟು. ಆದರೆ ಹೊಗೆಯಲ್ಲಿ ಕುಳಿತುಕೊಳ್ಳುವವರು ಹೆಂಗಸರು; ಅವರ ಕಂಕುಳಲ್ಲಿರುವವು ಮಕ್ಕಳು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಅಕಾಲ ಮರಣಕ್ಕೆ ಈಡಾದರೆಂದೂ, ಅವರಲ್ಲಿ ಎರಡು ಲಕ್ಷಕ್ಕೂ ಮೀರಿ ಐದು ವರ್ಷದೊಳಗಿನ ಮಕ್ಕಳಿದ್ದರೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಮಕ್ಕಳ ಶ್ವಾಸಕೋಶದ ಉರಿಯೂತ, ಹೆಂಗಸರ ದೀರ್ಘಕಾಲದ ಕೆಮ್ಮು ಮತ್ತು ಉಬ್ಬಸ, ಕಣ್ಣಿನ ಪೊರೆ, ಇವುಗಳಿಗೂ ಒಲೆಯ ಹೊಗೆಗೂ ಸಂಬಂಧವಿದೆ. ಅಡುಗೆಮನೆಯ ತೊಲೆಗಳಿಗೆ ಕಟ್ಟುವ ಇಲ್ಲಣವೇ ಎದೆಯೊಳಗೂ ಕಟ್ಟುತ್ತದೆಂದು ತಿಳಿದರೆ ಸಾಕು.

ಎರಡನೆಯ ಹಾನಿಯು ಹೊಲಕ್ಕೆ. ಸೌದೆಯು ಹೊಗೆಯತೊಡಗಿದಾಗ ಬೆರಣಿಯ ನೆನಪು ಬರುತ್ತದೆ. ಹೊಲಕ್ಕೆ ಹೋಗಬೇಕಾದ ಸಗಣಿಯು ಒಲೆಗೆ ಬೀಳುತ್ತದೆ. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನಶಾಸ್ತ್ರಜ್ಞರಾಗಿದ್ದ ಡಾಕ್ಟರ್ ಜಾನ್ ಆಗಸ್ಟಸ್ ವೋಲ್ಕರ್ ಅವರು 1889ರಲ್ಲಿ ಹಿಂದೂಸ್ಥಾನಕ್ಕೆ ಬಂದು ಇಲ್ಲಿಯ ಬೇಸಾಯವನ್ನು ಪರಿಶೀಲಿಸಿ 1893ರಲ್ಲಿ ಪ್ರಕಟವಾದ ವರದಿಯಲ್ಲಿ ಇದೇ ಅಂಶವನ್ನು ಒತ್ತಿ ಹೇಳಿದರು. ರೈತನು ಗೊಬ್ಬರದ ಬೆಲೆಯನ್ನು ಅರಿಯದೆ ಸಗಣಿಯನ್ನು ಸುಡುವುದಿಲ್ಲ, ಸೌದೆಯಿಲ್ಲದೆ ಸುಡುತ್ತಾನೆ. ಆದಕಾರಣ ಹಳ್ಳಿಗಳ ಸಮೀಪದಲ್ಲಿ ಸೌದೆ ಮತ್ತು ಮೇವಿನ ತೋಪುಗಳನ್ನು ಬೆಳೆಸಬೇಕೆಂಬುದು ಅವರ ಅಭಿಪ್ರಾಯದ ಸಾರಾಂಶ. ಬೆರಣಿಯನ್ನು ಸುಟ್ಟಾಗ ಸಗಣಿಯ ಸಾರಜನಕವೂ, ಮಣ್ಣಿಗೆ ಜೀವ ಕೊಡುವ ಸಾವಯವ ಪದಾರ್ಥವೂ ಹೊಗೆಯಾಗಿ ಹೋಗಿ ಬೂದಿ ಮಾತ್ರ ಉಳಿಯುತ್ತದೆ. ಹಸಿ ಸೌದೆಯ ನಷ್ಟವು ಹೀಗೆ ರಾಗಿಯ ತೆನೆಯವರೆಗೂ ಮುಟ್ಟುತ್ತದೆ.

ಸೌದೆಯನ್ನು ಒಣಗಿಸುವ ಕ್ರಮ

ಮಳೆ ಹಿಡಿದ ಮೇಲೆ ಸೌದೆಯನ್ನು ಒಣಗಿಸಹೋಗುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ. ಆಷಾಢದಲ್ಲಿ ಉರಿಸುವ ಸೌದೆಯು ಫಾಲ್ಗುಣದಲ್ಲಿಯೇ ಸಿದ್ಧವಾಗಬೇಕು. ಇದಕ್ಕೆ ಖರ್ಚೇನೂ ಇಲ್ಲ. ಕೆಳಗೆ ಹೇಳಿರುವ ಕ್ರಮವನ್ನು ಅನುಸರಿಸಿದರೆ ಸಾಕು.

1. ಪುಷ್ಯ ಮಾಘ ಮಾಸಗಳಲ್ಲಿ, ಎಂದರೆ ಜನವರಿ ಫೆಬ್ರವರಿಗಳಲ್ಲಿ, ಸೌದೆಯನ್ನು ಕಡಿದುಕೊಳ್ಳಬೇಕು. ಕಡಿದ ಮರವನ್ನು ಎರಡು ಮೂರು ವಾರ ಎಲೆಗಳೊಡನೆಯೇ ಬಿಟ್ಟರೆ ಎಲೆಗಳು ಬಾಡುವವರೆಗೂ ಕಾಂಡದ ನೀರನ್ನು ಎಳೆದು ಹೊರಹಾಕುತ್ತವೆ. ಸ್ವಂತ ಹಿಡುವಳಿಯ ಮರವಾದರೂ ಹಲವು ಜಾತಿಗಳನ್ನು ಕಡಿಯುವುದಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕೆಂಬುದನ್ನು ಮರೆಯಕೂಡದು.

2. ಹಸಿಯಾಗಿರುವಾಗಲೇ ಅಳತೆಗೆ ಕತ್ತರಿಸಿ ಸೀಳಬೇಕು. ಒಣಗಿದ ಮೇಲೆ ಸೀಳೋಣವೆಂದು ಬಿಟ್ಟರೆ ಒಣಗುವುದೂ ತಡ, ಸೀಳುವುದೂ ಕಷ್ಟ. ಹುಣಸೆಯಂತಹ ಮರಕ್ಕೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

3. ನೆಲದ ಮೇಲೆ ರಾಶಿ ಹಾಕಬಾರದು. ಎರಡು ಸಾಲು ಕಲ್ಲುಗಳನ್ನಿಟ್ಟು ಅವುಗಳ ಮೇಲೆ ಗಳುಗಳನ್ನು ಹಾಸಿ, ಅರ್ಧ ಅಡಿಯಷ್ಟಾದರೂ ಎತ್ತರದಲ್ಲಿ ಒಟ್ಟಬೇಕು. ನೆಲದ ತೇವವೂ ಗೆದ್ದಲೂ ಆಗ ಹತ್ತುವುದಿಲ್ಲ. ಒಂದು ವರಸೆಯು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ ಇರುವಂತೆ, ನಡುನಡುವೆ ಸಂದು ಬಿಟ್ಟು ಒಟ್ಟಿದರೆ ಗಾಳಿಯಾಡುತ್ತದೆ. ಬಿಸಿಲಿಗಿಂತಲೂ ಗಾಳಿಯೇ ಒಳಗಿನ ಸೌದೆಯನ್ನು ಒಣಗಿಸತಕ್ಕದ್ದು.

4. ಭರಣಿ ಕೃತ್ತಿಕೆಗಳ ಮುಂಗಾರು ಹನಿಗಳು ಬೀಳುವುದಕ್ಕೆ ಮೊದಲೇ ಒಟ್ಟಿಲಿನ ನೆತ್ತಿಯನ್ನು ತೆಂಗಿನ ಗರಿ, ಅಡಕೆಯ ಸೋಗೆ ಅಥವಾ ಹಳೆಯ ತಗಡಿನಿಂದ ಮುಚ್ಚಬೇಕು. ಪಕ್ಕಗಳನ್ನು ಮುಚ್ಚಬಾರದು. ಇಡೀ ಒಟ್ಟಿಲಿಗೆ ಪ್ಲಾಸ್ಟಿಕ್ ಹೊದಿಕೆಯನ್ನು ಸುತ್ತಿದರೆ ಒಳಗಿನ ತೇವವು ಹೊರಬರದೆ ಸೌದೆಯು ಬೂಷ್ಟು ಹಿಡಿಯುತ್ತದೆ.

5. ರೋಹಿಣಿ ಮಳೆಯು ಮುಗಿಯುವುದರೊಳಗಾಗಿ ಮಳೆಗಾಲದ ಖರ್ಚಿಗೆ ಬೇಕಾದುದನ್ನು ಸೌದೆಯ ಕೊಟ್ಟಿಗೆಗೆ ಸಾಗಿಸಬೇಕು. ಮಳೆಗಾಲದ ಗಾಳಿಯಲ್ಲಿ ತೇವವು ಹೆಚ್ಚಿರುವುದರಿಂದ ಒಣಗಿದ ಸೌದೆಯೂ ಸ್ವಲ್ಪ ನೀರನ್ನು ಮರಳಿ ಹೀರುತ್ತದೆ. ಆದಕಾರಣ ಒಂದೆರಡು ದಿನಗಳಿಗೆ ಸಾಕಾಗುವಷ್ಟನ್ನು ಒಲೆಯ ಸಮೀಪದಲ್ಲಿ ಅಥವಾ ಒಲೆಯ ಮೇಲಿನ ಅಟ್ಟದಲ್ಲಿ, ಕಿಡಿ ಹಾರಿ ಬೀಳದ ದೂರದಲ್ಲಿ, ಇಟ್ಟುಕೊಳ್ಳುವ ಮಲೆನಾಡಿನ ಪದ್ಧತಿಯು ವಿವೇಕದಿಂದ ಕೂಡಿದ್ದಾಗಿದೆ.

ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಗಳಿವೆ. ಒಣಗಿದ ಸೀಳಿನ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕುಗಳು ಬಿಟ್ಟಿರುತ್ತವೆ, ತೊಗಟೆಯು ಸಡಿಲವಾಗಿರುತ್ತದೆ, ಎರಡು ಸೀಳುಗಳನ್ನು ಒಂದಕ್ಕೊಂದು ತಟ್ಟಿದರೆ ಠಣ್ಣೆಂಬ ಗಟ್ಟಿ ನಾದ ಬರುತ್ತದೆ, ಹಸಿಯದಾದರೆ ಮಂಕಾದ ಸದ್ದು. ಇದಕ್ಕಿಂತ ಖಚಿತವಾದ ಪರೀಕ್ಷೆ ತಕ್ಕಡಿಯದು. ಸೀಳಿದ ದಿನವೇ ಒಂದು ತುಂಡಿಗೆ ಗುರುತು ಹಾಕಿ ತೂಗಿ, ಒಟ್ಟಿಲಿನ ನಡುವೆ ಇಟ್ಟು, ಹದಿನೈದು ದಿನಕ್ಕೊಮ್ಮೆ ತೂಗಬೇಕು. ಅರ್ಧ ನೀರಿದ್ದ 2 ಕಿಲೋಗ್ರಾಮಿನ ತುಂಡು ಒಂದೂಕಾಲು ಕಿಲೋಗ್ರಾಮಿಗೆ ಇಳಿದರೆ ಅದರಲ್ಲಿ ಉಳಿದ ನೀರು ಶೇಕಡಾ 20. ಅದು ಒಲೆಗೆ ಯೋಗ್ಯವಾಯಿತು. ಎರಡು ಸಲ ತೂಗಿದರೂ ತೂಕವು ಇಳಿಯದೆ ನಿಂತರೆ ಆ ಸ್ಥಳದ ಗಾಳಿಗೆ ಎಷ್ಟು ಒಣಗಬಹುದೋ ಅಷ್ಟು ಒಣಗಿದೆಯೆಂದು ಅರ್ಥ.

ಒಲೆಯ ಸುಧಾರಣೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಸ್ಥಾಪಿಸಿದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವು 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ರೂಪಿಸಿತು. ಕೊಳ್ಳಿಗಳ ಕೆಳಗೆ ಗಾಳಿಯಾಡುವುದಕ್ಕೆ ಜಾಲರಿ, ಮೂರು ಪಾತ್ರೆಗಳಿಗೆ ಸಾಲಾಗಿ ಜಾಗ, ಹೊಗೆಯನ್ನು ಮಾಡಿನಿಂದಾಚೆಗೆ ಕಳುಹಿಸುವ ಕೊಳವೆ, ಇವು ಅದರ ಮುಖ್ಯ ಅಂಗಗಳು. ಮೇಲೆ ಹೇಳಿದ ಗಾಳಿಯ ಕೊರತೆಗೆ ಇದು ತಕ್ಕ ಪರಿಹಾರ. ಆದರೆ ಇಂತಹ ಒಲೆಗೂ ಹಸಿ ಸೌದೆಯು ಶತ್ರುವೇ. ಉರಿಯದ ಅನಿಲಗಳು ಕೊಳವೆಯಲ್ಲಿ ತಣ್ಣಗಾಗಿ ಜಿಗುಟಾದ ಕಪ್ಪು ಕೀಲಿನಂತೆ ಅಂಟಿಕೊಳ್ಳುತ್ತವೆ. ಕೊಳವೆಯು ಕಟ್ಟಿದರೆ ಹೊಗೆಯೆಲ್ಲವೂ ಅಡುಗೆಮನೆಗೇ ಹಿಂದಿರುಗುತ್ತದೆ. ಒಲೆಯು ಒಳ್ಳೆಯದಲ್ಲವೆಂದು ಒಡೆದು ಹಾಕುವುದಕ್ಕೆ ಮುಂಚೆ ಕೊಳವೆಯನ್ನು ಶುಚಿಮಾಡಿ, ಒಣ ಸೌದೆಯನ್ನು ಹಾಕಿ ನೋಡತಕ್ಕದ್ದು.

ಹೊಸ ಒಲೆಯನ್ನು ಕಟ್ಟಲಾರದವರು ಹಳೆಯ ಒಲೆಯಲ್ಲಿಯೇ ಪ್ರತಿದಿನವೂ ಬೂದಿಯನ್ನು ತೆಗೆದು, ಎರಡು ಮೂರು ಕಬ್ಬಿಣದ ಸರಳುಗಳನ್ನು ಅಡ್ಡವಿಟ್ಟು ಅವುಗಳ ಮೇಲೆ ಕೊಳ್ಳಿಗಳನ್ನಿಟ್ಟರೆ ಕೆಳಗಿನಿಂದ ಗಾಳಿಯು ಸಿಗುತ್ತದೆ. ತೆಗೆದ ಬೂದಿಯನ್ನು ಮಳೆಗೆ ಚೆಲ್ಲದೆ ಒಣಜಾಗದಲ್ಲಿ ಕೂಡಿಟ್ಟು ನೇರವಾಗಿ ತೆಂಗು, ಬಾಳೆ, ತರಕಾರಿಗಳ ಬುಡಕ್ಕೆ ಹಾಕಬಹುದು. ಅದರಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶಗಳಿವೆ. ತಿಪ್ಪೆಯೊಡನೆ ಬೆರಸಿದರೆ ಮಾತ್ರ ಗೊಬ್ಬರದ ಸಾರಜನಕವು ಅಮೋನಿಯವಾಗಿ ಹಾರಿಹೋಗುತ್ತದೆ.

ಒಟ್ಟಿನಲ್ಲಿ, ಉರಿಯದ ಸೌದೆಯು ಬಹುಮಟ್ಟಿಗೆ ಕೆಟ್ಟ ಜಾತಿಯ ಸೌದೆಯಲ್ಲ. ಕಾಲಕ್ಕೆ ಮೊದಲೇ ಒಲೆಗೆ ಬಂದ ಸೌದೆ. ಬದುವಿನ ಮೇಲೆ ಮರವನ್ನು ಬೆಳೆಸುವುದು, ಕಡಿಯುವುದು, ಸೀಳುವುದು, ಒಟ್ಟುವುದು ಸಾಮಾನ್ಯವಾಗಿ ಮನೆಯ ಗಂಡಸರ ಕೆಲಸ. ಅದನ್ನು ಉರಿಸುವುದು ಹೆಂಗಸರ ಕೆಲಸ. ಮಾಘದಲ್ಲಿ ಒಬ್ಬರು ಮಾಡದೆ ಬಿಟ್ಟ ನಾಲ್ಕು ದಿನಗಳ ಕೆಲಸವನ್ನು ಆಷಾಢದಿಂದ ಭಾದ್ರಪದದವರೆಗೆ ಇನ್ನೊಬ್ಬರು ದಿನವೂ ಕಣ್ಣೀರಿನಿಂದ ತೀರಿಸಬೇಕಾಗುತ್ತದೆ. ಈ ವರ್ಷದ ಕೊಯ್ಲು ಮುಗಿದು ಕಣದ ಕೆಲಸವು ತೀರಿದ ಕೂಡಲೆ ಕೊಡಲಿಯನ್ನು ಮಸೆದು, ಮುಂದಿನ ಮಳೆಗಾಲದ ಸೌದೆಯನ್ನು ಒಟ್ಟಿಲಿಗೇರಿಸಿದ ಮನೆಯಲ್ಲಿ ಊದುಗೊಳವೆಗೆ ಹೆಚ್ಚು ಕೆಲಸವಿರುವುದಿಲ್ಲ.